ದೋಣಿಯ ಹಿಂಬದಿಗೆ ಕಣ್ಣು ಕೂರಿಸಿದ ಮಳೆಗಾಲ

ಅಂಗಡಿಯವ ಹದಿನಾಲ್ಕು ಸಾವಿರ ಹೇಳಿದ್ದ, ನಾನು ಹನ್ನೊಂದೂವರೆಗೆ ತಂದೆ. ಇಳಿದದ್ದು ನನ್ನ ಮುಖ ನೋಡಿ ಅಲ್ಲ. ಗಾಜಿನ ಕಪಾಟಿನಲ್ಲಿ ತೋರಿಕೆಗೆ ಇಟ್ಟಿದ್ದ ಪೀಸು ಅದು. ಪೆಟ್ಟಿಗೆ ಇರಲಿಲ್ಲ, ಒಂದು ಮಗ್ಗುಲು ಬಿಸಿಲಿಗೆ ಬಣ್ಣ ಮಾಸಿತ್ತು. ಹೊಸ ಪೆಟ್ಟಿಗೆಯೇ ಬೇಕೆಂದು ಹಟ ಹಿಡಿಯುವವರು ಪೆಟ್ಟಿಗೆಗೆ ದುಡ್ಡು ಕೊಡುತ್ತಾರೆ. ನನಗೆ ಒಳಗಿನ ಸಾಮಾನು ಸಾಕಿತ್ತು. ಅಂಗಡಿಯಲ್ಲೇ ಬ್ಯಾಟರಿಗೆ ಕೊಟ್ಟು, ಗುಂಡಿ ಒತ್ತಿಸಿ, ತುಕ್ಕು ಹಿಡಿಯದ ಸ್ಟೀಲಿನ ಸ್ಕ್ರೂ ಆರು ಹೆಚ್ಚಿಗೆ ಕೇಳಿ ಇಸಿದುಕೊಂಡೆ.

"ಗಂಡಸರು ಯಾರೂ ಜೊತೆಗೆ ಬರ್ಲಿಲ್ವಾ?" ಎಂದ ಅಂಗಡಿಯವ, ವೈರು ಸುತ್ತುತ್ತ.

"ಬಂದಿದ್ರೆ ನೀವ್ ಹದ್ನಾಲ್ಕೇ ತೆಕಂತಿದ್ರಿ" ಎಂದೆ. ನಕ್ಕ. ನಗುವವನ ಹತ್ತಿರ ಇನ್ನೂ ನೂರು ಇಳಿಸಬಹುದಿತ್ತು. ಮಲ್ಪೆಯಿಂದ ಕುಂದಾಪುರದ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬಿಟ್ಟೆ.

ತಂದದ್ದು ಮೀನು ತೋರಿಸುವ ಮಿಷನ್ನು, ಫಿಶ್ ಫೈಂಡರ್. ಅದಕ್ಕೆ ಎರಡು ಭಾಗ. ಒಂದು, ಟಿಫಿನ್ ಡಬ್ಬಿಯಷ್ಟು ದೊಡ್ಡ ಪರದೆಯ ಪೆಟ್ಟಿಗೆ. ಅದು ದೋಣಿಯೊಳಗೆ ಕೂರುತ್ತದೆ. ಇನ್ನೊಂದು, ವೈರಿನ ತುದಿಯಲ್ಲಿ ಸಾಬೂನಿನ ಬಿಲ್ಲೆಯಂಥ ಕಪ್ಪು ತುಂಡು. ಅದು ದೋಣಿಯ ಹಿಂಬದಿಯಲ್ಲಿ ನೀರೊಳಗೆ ಕೂತು, ತಳಕ್ಕೆ ಸದ್ದು ಕಳಿಸಿ, ತಿರುಗಿ ಬಂದ ಸದ್ದನ್ನು ಪರದೆಗೆ ಮುಟ್ಟಿಸುತ್ತದೆ. ಆಗ ಪರದೆಯ ಮೇಲೆ ಕಡಲ ತಳ ಗೆರೆಯಾಗಿ ಓಡುತ್ತದೆ. ಅಂಗಡಿಯವ ಆ ತುಂಡಿಗೆ ಟ್ರಾನ್ಸ್‌ಡ್ಯೂಸರ್ ಎಂದ. ನಮ್ಮ ದೋಣಿಯವರ ಬಾಯಲ್ಲಿ ಅದು ಮೊದಲ ದಿನವೇ 'ಕಣ್ಣು' ಆಯಿತು.

ಯಾಕೆ ತಂದೆ ಎಂದರೆ, ತಾರದಿದ್ದರೆ ಆ ವರ್ಷ ದೋಣಿ ಖಾಲಿ ನಿಲ್ಲುತ್ತಿತ್ತು.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಮೊನ್ನೆ ಬ್ರಹ್ಮಾವರದ ನನ್ನ ಮೀನಂಗಡಿಯಲ್ಲಿ ಕೈ ತೊಳೆಯುವ ಬೇಸಿನ್ನು ಕೂರಿಸಿದರು. ಪ್ಲಂಬರು ಸಿಲಿಕಾನ್ ಟ್ಯೂಬಿನ ಮೂತಿ ಕತ್ತರಿಸಿ ಗೋಡೆಯ ಸಂದಿಗೆ ಎಳೆದ. ವಿನೆಗರಿನಂಥ ಹುಳಿ ವಾಸನೆ ಅಂಗಡಿ ತುಂಬಿತು. ಎದುರಿಗೆ ಗಿರಾಕಿ ನಿಂತಿದ್ದರು, ನನ್ನ ಕೈಯಲ್ಲಿ ಅರ್ಧ ಕೊಯ್ದ ಅಂಜಲ್ ಇತ್ತು. ಆದರೆ ನಾನು ಕೊಡೇರಿಯ ಹೊಳೆಯಲ್ಲಿ ಸೊಂಟದ ನೀರಿಗೆ ಇಳಿದು, ಸ್ಪ್ಯಾನರ್ ಹಿಡಿದು ನಿಂತಿದ್ದೆ. "ಅಕ್ಕ, ತುಂಡು ಸಣ್ಣ ಮಾಡಿ" ಎಂದು ಅವರು ಎರಡು ಸಲ ಹೇಳಬೇಕಾಯಿತು.

ಅದು ಎರಡು ಸಾವಿರದ ಏಳರ ಮಳೆಗಾಲ. ಅದಕ್ಕೆ ಮುಂಚಿನ ಚಳಿಯಲ್ಲಿ ನಮ್ಮವರು ಇಲಿಜ್ವರದಲ್ಲಿ ಹೋಗಿದ್ದರು. ನಮಗೆ ಮಕ್ಕಳಿರಲಿಲ್ಲ. ಉಪ್ಪುಂದದಲ್ಲಿ ಒಂದು ಮನೆ, ಕೊಡೇರಿ ಹೊಳೆಯಲ್ಲಿ ಒಂದು ಫೈಬರ್ ದೋಣಿ, ಅದರ ಹಿಂದೆ ಕಟ್ಟುವ ಇಂಜಿನ್ನು, ಆರು ಜನ. ಇದಿಷ್ಟನ್ನು ಅವರು ಕಡಲಿನಿಂದ, ನಾನು ಬುಟ್ಟಿಯಿಂದ ಕೂಡಿಸಿದ್ದೆವು. ಬಸ್ಸಿನ ಹಿಂದಿನ ಸೀಟಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೆರಾಡಿಯವರೆಗೆ ಹೋಗಿ, ಮನೆ ಮನೆಯ ಅಂಗಳದಲ್ಲಿ ಚೌಕಾಸಿ ಮಾಡಿ ಬೆಳೆದವಳು ನಾನು. ಮೂರು ಬಂಗ್ಡೆಗೆ ನಾಲ್ಕನೆಯದನ್ನು ಪುಕ್ಕಟೆ ಕೇಳುವ ಅಜ್ಜಿಯಂದಿರನ್ನು ಗೆದ್ದವರಿಗೆ ಮಲ್ಪೆಯ ಅಂಗಡಿಯವ ದೊಡ್ಡದಲ್ಲ.

ಆದರೆ ಆ ವರ್ಷ ಚೌಕಾಸಿ ಅಂಗಡಿಯವನ ಹತ್ತಿರ ಅಲ್ಲ, ನಮ್ಮದೇ ದೋಣಿಯ ಜನರ ಹತ್ತಿರ. ನಮ್ಮಲ್ಲಿ ದೋಣಿಯ ಜನಕ್ಕೆ ಸಂಬಳವಿಲ್ಲ, ಹಿಡಿದದ್ದರಲ್ಲಿ ಪಾಲು. ಮೀನು ಸಿಗದ ದೋಣಿಯಲ್ಲಿ ಉಳಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಪಕ್ಕದ ಸೂರಣ್ಣನಿಗೆ ಎರಡು ದೋಣಿ, ಮೂರನೆಯದಕ್ಕೆ ಜನ ಬೇಕಿತ್ತು. ನಮ್ಮವರ ಹನ್ನೆರಡನೆಯ ದಿನ ಮುಗಿದದ್ದೇ ಅವನು ನಮ್ಮ ಹುಡುಗರಿಗೆ ಚಾ ಕುಡಿಸಲು ಶುರು ಮಾಡಿದ್ದ.

ಮಳೆ ಹಿಡಿಯುವ ಮೊದಲು ನಾಣಿ ಮನೆಗೆ ಬಂದ. ದೋಣಿಯ ತಾಂಡೇಲ, ಅಂದರೆ ಕಡಲಿಗೆ ಹೋದ ಮೇಲೆ ಅವನ ಮಾತೇ ಕೊನೆ. ನಮ್ಮವರನ್ನು ಅಣ್ಣ ಎನ್ನುತ್ತಿದ್ದ, ಹಾಗಾಗಿ ನಾನು ಅತ್ತಿಗೆ. ಜಗಲಿಯಲ್ಲಿ ಕೂತು ಬಹಳ ಹೊತ್ತು ತೆಂಗಿನ ಗರಿ ಹರಿಯುತ್ತಿದ್ದ.

"ಅತ್ಗೆ, ನಾ ಹೇಳುದ್ಕೆ ಬೇಜಾರ್ ಮಾಡ್ಕಣ್ಬೇಡಿ. ಹುಡ್ರಿಗೆ ಹೆಂಡ್ತಿ ಮಕ್ಳ್ ಇತ್ತ್. ಅಣ್ಣ ಇಪ್ಪತಿಗೆ ನಮ್ಗ್ ಆ ಕಲ್ಲ್ ಇದ್ದಿತ್ತ್. ಈಗ ಕಲ್ಲ್ ಎಲ್ಲಿತ್ತ್ ಅಂದೇಳಿ ಯಾರಿಗ್ ಗೊತ್ತಿತ್ತ್?"

ಕಲ್ಲು ಎಂದರೆ ಕಡಲ ತಳದಲ್ಲಿ ಎದ್ದ ಬಂಡೆ. ಬೇರೆ ಕಡೆ ಮೀನಿಲ್ಲದ ದಿನವೂ ಅದರ ಸುತ್ತ ಮುರು ಮೀನು, ಅಂಜಲ್ ಇರುತ್ತಿತ್ತು. ನಮ್ಮವರು ಅದನ್ನು ಕಂಡುಹಿಡಿದದ್ದು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು. ಮತ್ತೆ ಹೋಗಿ ಮುಟ್ಟಲು ಗುರುತು ಇಟ್ಟುಕೊಂಡಿದ್ದು ದಡದ ಮೇಲೆ: ಒತ್ತಿನೆಣೆ ಗುಡ್ಡದ ಒಂದು ಮೂಲೆ ಒಂದು ಕಡೆ, ಮುಚ್ಚಿದ ಹಂಚಿನ ಕಾರ್ಖಾನೆಯ ಚಿಮಣಿ ಇನ್ನೊಂದು ಕಡೆ. ಎರಡೂ ಬೇಕಾದ ಹಾಗೆ ಕೂಡಿ ಬಂದರೆ ದೋಣಿ ಕಲ್ಲಿನ ಮೇಲೆ. ನಮ್ಮವರು ಹೋದ ಮೇಲೆ ಆ ಬೇಸಿಗೆಯಲ್ಲೇ ಚಿಮಣಿಯನ್ನು ಕೆಡವಿ ಇಟ್ಟಿಗೆ ಮಾರಿದರು. ಗುಡ್ಡ ಉಳಿಯಿತು. ಒಂದೇ ಗುರುತಿನಿಂದ ಕಡಲಲ್ಲಿ ಎಲ್ಲಿಗೂ ಹೋಗಲಾಗುವುದಿಲ್ಲ.

"ಚೌತಿ ವರೆಗೆ ಕಾಂಬ" ಎಂದ ನಾಣಿ. "ಆಮೇಲ್ ನನ್ ಕೈಯಂಗಿಲ್ಲೆ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಆ ವಾರವೇ ಮಲ್ಪೆಗೆ ಹೋದೆ. ಗುಂಡು ಕಟ್ಟಿದ ಹಗ್ಗದಲ್ಲಿ ಹುಡುಕಿದರೆ ಸೀಮೆಎಣ್ಣೆಯೇ ಮುಗಿಯುತ್ತದೆ. ಇಂಜಿನ್ ಓಡುತ್ತಿರುವಾಗಲೇ ತಳ ತೋರಿಸುವುದಿದ್ದರೆ ಎರಡು ದಿನದ ಕೆಲಸ. ನನ್ನ ಲೆಕ್ಕ ಅಷ್ಟೇ ಇತ್ತು. ಮಿಷನ್ನು ನೋಡಿ ಇಂಜಿನ್ ನೋಡಿಕೊಳ್ಳುವ ಕುಷ್ಟ ಕೇಳಿದ:

"ಅಕ್ಕಾ, ಕಲ್ಲ್ ಹುಡ್ಕುಕೆ ತಂದ್ರಿ ಸೈ. ನಂಗ್ ಹೆಣ್ಣ್ ಹುಡ್ಕುಕೂ ಒಂದ್ ತನಿ."

"ನಿಂಗ್ ಹೆಣ್ಣ್ ಹುಡ್ಕುಕೆ ಮಿಷನ್ ಸಾಕಾತ್ತಿಲ್ಲೆ ಮಾರಾಯ, ದೇವ್ರೇ ಬರ್ಕ್."

ಮಳೆಯಲ್ಲಿ ದೋಣಿ ಮರಳ ಮೇಲೆ ತಾಡಪಾಲಿನ ಅಡಿಗೆ ಮಲಗಿತು. ನಾನು ಮಿಷನ್ನನ್ನು ಮನೆಯಲ್ಲಿಟ್ಟು ಕಲಿತೆ. ಪುಸ್ತಕ ಇಂಗ್ಲಿಷಿನದು, ನನಗೆ ಅದರ ಚಿತ್ರಗಳು ಸಾಕಾದವು. ದೋಣಿಯ ಬ್ಯಾಟರಿಯನ್ನು ಒಳಕೋಣೆಯಲ್ಲಿಟ್ಟು ತಂತಿ ಕೊಟ್ಟೆ. ಗುಂಡಿಗಳನ್ನು ಒತ್ತುತ್ತ ಹೋದಾಗ ಒಮ್ಮೆ ಪರದೆಯ ಮೇಲೆ ಕಡಲು ಬಂತು! ನೀರಿಲ್ಲ, ದೋಣಿಯಿಲ್ಲ, ಆದರೂ ತಳದ ಗೆರೆ ಓಡುತ್ತಿದೆ, ಮೀನುಗಳು ದಾಟುತ್ತಿವೆ, ಒಂದೊಂದಕ್ಕೂ 'ಟಿಣ್' ಎನ್ನುತ್ತಿದೆ. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲೆಂದು ಒಳಗೇ ತುಂಬಿಸಿಟ್ಟ ಡೆಮೋ ಅದು, ಸುಳ್ಳು ಕಡಲು.

ಗಂಡಸರು ಮನೆಯಲ್ಲಿರುವ ಕಾಲ ಮಳೆಗಾಲ. ಸುತ್ತಲಿನ ಮನೆಗಳಲ್ಲಿ ಬಲೆ ಹೆಣೆಯುತ್ತ ಜಗಳ, ನಗು, ಇಸ್ಪೀಟು. ನನ್ನ ಮನೆಯಲ್ಲಿ ಹಂಚಿನ ಮೇಲೆ ಮಳೆ, ಒಳಗೆ ಈ 'ಟಿಣ್'. ಸಂಜೆ ಒಬ್ಬಳಿಗೆ ಗಂಜಿ ಬೇಯಲಿಟ್ಟು, ಕುದಿಯುವವರೆಗೆ ಮಿಷನ್ ಹಚ್ಚಿ ಕೂರುತ್ತಿದ್ದೆ. ಕಲಿಯುವುದು ಮುಗಿದ ಮೇಲೂ ಕೂರುತ್ತಿದ್ದೆ. ಕೆಲವು ಸಂಜೆಗಳಾದ ಮೇಲೆ ತಿಳಿಯಿತು, ಅವೇ ಮೀನುಗಳು ಅದೇ ಸಾಲಿನಲ್ಲಿ ತಿರುಗಿ ಬರುತ್ತವೆ ಎಂದು. ಮೊದಲು ಎರಡು ಸಣ್ಣವು, ಮೂರನೆಯದು ದೊಡ್ಡದು. ಆ ದೊಡ್ಡದು ಬರುವವರೆಗೆ ಏಳುತ್ತಿರಲಿಲ್ಲ. ಗಂಜಿ ಎಷ್ಟೋ ಸಲ ತಳ ಹಿಡಿಯಿತು.

ಮಳೆ ಸ್ವಲ್ಪ ಹೊಳವಾದಾಗ ಕಣ್ಣು ಕೂರಿಸಿದೆವು. ಡ್ರಿಲ್ ಹಿಡಿದ ನಾಣಿ ದೋಣಿಯ ಹಿಂಬದಿಯ ಹಲಗೆಯ ಎದುರು ಕೂತವನು ಕೂತೇ ಇದ್ದ.

"ಅಣ್ಣನ್ ದೋಣಿಗ್ ತೂತ್ ಕೊರುದಾ ಅತ್ಗೆ?"

"ಒಂದ್ಸಲ ಕೊರು. ಎರಡ್ನೇ ಸಲ ಕೊರುದ್ ಬೇಡ, ಹಾಂಗ್ ಮಾಡ್ವ."

ನಾನು ಮಾಡಿದ್ದಿಷ್ಟು. ಮೀನು ಕೊಯ್ಯುವ ನನ್ನ ಬಿಳಿ ಪ್ಲಾಸ್ಟಿಕ್ ಹಲಗೆಯಿಂದ ಅಂಗೈ ಅಗಲದ ತುಂಡು ಕೊಯ್ಯಿಸಿದೆ. ಮೊದಲು ಆ ತುಂಡನ್ನು ದೋಣಿಗೆ, ಕಣ್ಣಿನ ಕ್ಲಾಂಪನ್ನು ಆ ತುಂಡಿಗೆ. ಮೇಲೆ ಕೆಳಗೆ ಮಾಡಬೇಕಾದಾಗಲೆಲ್ಲ ತೂತು ಬೀಳುವುದು ಪ್ಲಾಸ್ಟಿಕ್ಕಿಗೆ, ದೋಣಿಗಲ್ಲ. ಸ್ಕ್ರೂವಿನ ತೂತಿಗೆ ಸಿಲಿಕಾನ್ ತುಂಬಿ ಬಿಗಿದೆವು. ಮೀನಿನ ವಾಸನೆ ಹೋಗುವ ಸಾಬೂನಿಗೂ ಆ ಹುಳಿ ವಾಸನೆ ಎರಡು ದಿನ ಬಿಡಲಿಲ್ಲ.

ನೂಲು ಹುಣ್ಣಿಮೆಗೆ ಕಡಲಿಗೆ ಹಾಲೆರೆದ ಮೇಲೆ ದೋಣಿ ಇಳಿಯಿತು. ಹೊಳೆಯಲ್ಲಿ ಸರಿಮಾಡುವ ಕೆಲಸ ಶುರುವಾಯಿತು. ದೋಣಿ ನಿಂತಾಗ ತಳದ ಗೆರೆ ಚೆನ್ನಾಗಿ ಬರುತ್ತಿತ್ತು, ಓಡಿದಾಗ ಅಳಿಸಿ ಹೋಗುತ್ತಿತ್ತು. ಇಂಜಿನ್ನಿನ ಪಂಕ ಎಬ್ಬಿಸಿದ ಗಾಳಿಗುಳ್ಳೆ ಕಣ್ಣಿನ ಅಡಿಗೆ ನುಗ್ಗಿದರೆ ಹಾಗಾಗುತ್ತದೆ. ಪುಸ್ತಕದ ಚಿತ್ರದಲ್ಲಿ ಅದಿತ್ತು.

ನಮ್ಮ ಕಡೆ ಕಡಲಿಗೆ ಹೋಗುವ ದೋಣಿಗೆ ಹೆಂಗಸರು ಹತ್ತುವುದಿಲ್ಲ. ನಾನು ಆ ದೋಣಿಯ ಒಡತಿ. ಅದರೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಹಾಗಾಗಿ ಸೀರೆ ಎತ್ತಿ ಕಟ್ಟಿ ಸೊಂಟದ ನೀರಿಗಿಳಿದು ಹಿಂದಿನಿಂದ ಕ್ಲಾಂಪು ಸಡಿಲಿಸುವುದು, ಇಳಿಸುವುದು, ಬಿಗಿಯುವುದು. ಅವರು ಹೊಳೆ ಕಡಲಿಗೆ ಸೇರುವ ಅಳಿವೆಯವರೆಗೆ ಓಡಿಸಿ ತಿರುಗಿ ಬರುವುದು. "ಬಂತಾ?" "ಇಲ್ಲೆ!" ಮತ್ತೆ ಇಳಿಸುವುದು. ಕಡೆಗೆ, ಕಣ್ಣು ದೋಣಿಯ ತಳಕ್ಕಿಂತ ಕಿರುಬೆರಳ ಉಗುರಿನಷ್ಟು ಕೆಳಗೆ ಬಂದು, ಅದರ ಹಿಂದಿನ ತುದಿ, ಅಂದರೆ ಬಾಲ, ತುಸು ತಗ್ಗಿದಾಗ, ನಾಣಿ ಅಲ್ಲಿಂದಲೇ ಕೈ ಎತ್ತಿದ. ಪೂರ್ತಿ ವೇಗದಲ್ಲಿ ಗೆರೆ ತುಂಡಾಗಲಿಲ್ಲ.

ಮರುದಿನ ಕಡಲಿನಿಂದ ಬಂದ ನಾಣಿ ಹೇಳಿದ, ಪರದೆ ಖಾಲಿ ಎಂದು.

ಸಂಜೆ ಮತ್ತೆ ಹೊಳೆಯಲ್ಲಿ ಓಡಿಸಿದರು. ಚೆನ್ನಾಗಿ ಬಂತು. ಬೆಳಿಗ್ಗೆ ಕಡಲಲ್ಲಿ ಖಾಲಿ. ಮರುದಿನವೂ ಅದೇ. ನಾನು ವೈರನ್ನು ಇಂಜಿನ್ನಿನ ವೈರಿನಿಂದ ದೂರ ಎಳೆಸಿದೆ, ಬ್ಯಾಟರಿ ಬದಲಿಸಿದೆ, ಕಣ್ಣನ್ನು ಇನ್ನೊಂದು ನೂಲಿನಷ್ಟು ಇಳಿಸಿದೆ. ಸಂಜೆ ಸರಿ, ಬೆಳಿಗ್ಗೆ ಕುರುಡು.

"ಇದ್ ಮೀನ್ ಕಾಂಬು ಮಿಷನ್ನಾ ಅಕ್ಕಾ, ಕಣ್ಣ್‌ಮುಚ್ಚಾಲೆ ಆಡು ಮಿಷನ್ನಾ?" ಎಂದ ಕುಷ್ಟ. ಅವನ ನಗೆಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ಸೂರಣ್ಣ ದಂಡೆಯಲ್ಲಿ ನಿಂತು, ನನಗೆ ಕೇಳುವಷ್ಟೇ ಗಟ್ಟಿಯಾಗಿ, "ಹ್ವಾಯ್, ಮೀನ್ ಕಡ್ಲಂಗಿತ್ತ್, ದುಡ್ಡ್ ಹೊಳಿಯಂಗ್ ಹಾಕ್ತಾ ಇದ್ರಲೆ!" ಎಂದ.

ನಾಣಿ ಮಾತ್ರ ಒಂದು ಮಾತು ಹೇಳಿದ್ದ: "ಬಪ್ಪತಿಗೆ ಒಂಚೂರ್ ಗೆರೆ ಬತ್ತ್ ಅತ್ಗೆ. ಹೋಪತಿಗೆ ಎಂತದೂ ಇಲ್ಲೆ." ಹೋಗುವಾಗ ಕುರುಡು, ಬರುವಾಗ ತುಸು ಕಾಣುತ್ತದೆ ಎಂಬುದನ್ನು ಹಿಡಿದು ನಾನು ಯೋಚಿಸಬೇಕಿತ್ತು. ಚೌತಿ ಹತ್ತಿರ ಬಂದಿತ್ತು, ತಲೆ ಓಡಲಿಲ್ಲ.

ಇಲ್ಲಿ ಒಂದು ಹೇಳಬೇಕು. ಬೆಳಿಗ್ಗೆ ದೋಣಿ ಹೊರಡುವ ಹೊತ್ತಿಗೆ ನಾನು ಹೊಳೆಯ ಕಡೆ ಹೋಗುತ್ತಿರಲಿಲ್ಲ. ಮೊದಲೆಲ್ಲ ಹೋಗುತ್ತಿದ್ದೆ. ಹೊಸ ಹಂಗಾಮಿನ ಮೊದಲ ದಿನಗಳಲ್ಲಿ ದೋಣಿಯ ಮೂತಿಗೆ ಎಣ್ಣೆ ಹಚ್ಚಿ ಕುಂಕುಮ ಇಡುವುದು ನನ್ನ ಕೆಲಸವಾಗಿತ್ತು. ಈ ವರ್ಷ ನನ್ನ ಹಣೆಯಲ್ಲೇ ಕುಂಕುಮ ಇರಲಿಲ್ಲ. ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲು ನಾನೇ ಹೋಗುವುದನ್ನು ನಿಲ್ಲಿಸಿದೆ. ಇಂಜಿನ್ನಿನ ಸದ್ದು ಅಳಿವೆ ದಾಟುವುದನ್ನು ಮನೆಯ ಹಿತ್ತಿಲಲ್ಲಿ ನಿಂತು ಕೇಳಿ, ಬುಟ್ಟಿ ಹಿಡಿದು ಬಸ್ಸಿಗೆ ಹೊರಡುತ್ತಿದ್ದೆ.

ಚೌತಿಗೆ ನಾಲ್ಕೈದು ದಿನ ಇದೆ ಎನ್ನುವಾಗ, ಆ ಸದ್ದು ಅಳಿವೆಯವರೆಗೆ ಹೋಗಿ ತಿರುಗಿ ಬಂತು. ಅಳಿವೆಯಲ್ಲಿ ತೆರೆ ಜೋರಾಗಿತ್ತಂತೆ, ದಾಟಲಾಗದೆ ಬಂದರು. ಬುಟ್ಟಿ ಕೆಳಗಿಟ್ಟು ಓಡಿದೆ. ಹೇಗೂ ಬಂದಿದ್ದಾರೆ, ಇನ್ನೊಮ್ಮೆ ಬಿಗಿದು ನೋಡೋಣ ಎಂದು ನೀರಿಗಿಳಿದು ಕಣ್ಣಿನ ಅಡಿಗೆ ಕೈ ಹಾಕಿದೆ. ಬೆರಳು ಜಾರಿತು. ಮೀನಿನ ಲೋಳೆ ನನ್ನ ಕೈಗೆ ಗೊತ್ತು, ಇದು ಅದಲ್ಲ. ಕೈ ಮೇಲೆತ್ತಿದೆ. ಹೆಬ್ಬೆರಳು ಕೆಂಪಗೆ, ಎಣ್ಣೆ ಎಣ್ಣೆ.

"ಇದ್ ಎಂತ ನಾಣಿ?"

ಅವನು ನನ್ನ ಮುಖ ನೋಡಲಿಲ್ಲ. ಹುಟ್ಟನ್ನು ಎತ್ತಿ ಆಚೆಗೆ ಇಟ್ಟ, ಮತ್ತೆ ಈಚೆಗೆ ಇಟ್ಟ.

"ಅಣ್ಣ ಇಪ್ಪತಿಗೆ ನೀವ್ ಹಚ್ತಿದ್ರಿ ಅಲ್ದಾ. ಈ ವರ್ಷ ನೀವ್ ಬಪ್ದಿಲ್ಲೆ. ಹಾಂಗಂದೇಳಿ ಬಿಡುಕಾತ್ತಾ? ದಿನಾ ಬೆಳಿಗ್ಗೆ ನಾನೇ ಹಚ್ತೆ. ಮೂತಿಗೂ, ಈ ಹೊಸ ಕಣ್ಣಿಗೂ. ನಿಮ್ ಲೆಕ್ಕದಲ್ಲೇ ಹಚ್ದ್ ಅತ್ಗೆ."

ಹೆಬ್ಬೆರಳನ್ನು ನೀರಿಗೆ ಅದ್ದಿ ತೆಗೆದೆ, ಹನಿಗಳು ಜಾರಿದವು. ಎಣ್ಣೆ ಹಚ್ಚಿದ ಮೈಗೆ ನೀರು ಅಂಟುವುದಿಲ್ಲ, ಗಾಳಿಗುಳ್ಳೆ ಅಂಟುತ್ತದೆ. ಮಧ್ಯಾಹ್ನದವರೆಗೆ ಕಡಲು ತೊಳೆದು ತೊಳೆದು ತೆಗೆಯುತ್ತಿತ್ತು, ಸಂಜೆಗೆ ಕಣ್ಣು ಕಾಣುತ್ತಿತ್ತು, ಬೆಳಿಗ್ಗೆ ನಾಣಿ ಮತ್ತೆ ಹಚ್ಚುತ್ತಿದ್ದ. ಸುಮ್ಮನೆ ಹಚ್ಚುವುದಿಲ್ಲ, ಭಕ್ತಿಯಿಂದ ತಿಕ್ಕಿ ಹಚ್ಚುತ್ತಿದ್ದ. ಅದೂ ನನ್ನ ಹೆಸರಿನಲ್ಲಿ.

ಬೇಡ ಎಂದರೆ ಅವನ ಮನಸ್ಸು ಮುರಿಯುತ್ತದೆ. ಮಾಡು ಎಂದರೆ ದೋಣಿ ಕುರುಡು. ನನಗೆ ಗೊತ್ತಿರುವುದು ಒಂದೇ ವಿದ್ಯೆ.

"ನಾಣಿ, ಕಣ್ಣೊಳ್ಗೆ ಯಾರಾರೂ ಎಣ್ಣಿ ಬಿಡ್ತ್ರಾ? ಹಣಿಗ್ ಹಚ್ಚ್. ಕಣ್ಣಿಗ್ ಬೇಡ."

"ಹಣಿ ಎಲ್ಲಿತ್ತ್ ಅದ್ಕೆ?"

ಬಿಳಿ ಪ್ಲಾಸ್ಟಿಕ್ ಹಲಗೆಯ ಮೇಲಂಚು ತೋರಿಸಿದೆ. ಅವನು ಬಗ್ಗಿ ನೋಡಿದ.

"ದೇವ್ರಿಗೆ ಅಷ್ಟ್ ಸಾಕಾತ್ತಾ?"

"ಸಾಕಾತ್ತ್. ಕಡಿಮಿ ಆದ್ರೆ ನನ್ ಹತ್ರ ಕೇಣ್ಲಿ, ನಾ ಮಾತಾಡ್ತೆ."

ಕುಷ್ಟ ನಕ್ಕುಬಿಟ್ಟ. ನಾಣಿ ನಗಲಿಲ್ಲ. ಅವನೂ ಮೀನು ಹಿಡಿಯುವವನು, ಚೌಕಾಸಿ ಅವನಿಗೂ ಬರುತ್ತದೆ.

"ಹಾಂಗಾರೆ ಕಣ್ಣ್ ತೊಳು ಕೆಲ್ಸ ನಿಮ್ದ್" ಎಂದ. "ದಿನಾ ಬೆಳಿಗ್ಗೆ ಬರ್ಕ್. ದೋಣಿ ಹೊರಡು ಮೊದ್ಲೇ ಬರ್ಕ್. ಯಾರ್ ಎಂತ ಹೇಳ್ತ್ರ್ ಕಾಂಬ."

ನಾನು ಒಪ್ಪಿದೆ. ಆ ವ್ಯಾಪಾರದಲ್ಲಿ ಇಳಿಸಲು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಸಾಬೂನು, ಹಳೆ ಪಂಚೆಯ ತುಂಡು ಹಿಡಿದು ಹೊಳೆಗೆ ಹೋದೆ. ಆಚೀಚೆಯ ದೋಣಿಯವರು ನೋಡಿದರು, ಮಾತಾಡಲಿಲ್ಲ. ನಾಣಿ ಮೂತಿಗೆ ಹಚ್ಚಿದ, ಹಲಗೆಯ ಹಣೆಗೆ ಒಂದು ಬೊಟ್ಟು ಇಟ್ಟ. ನಾನು ಕೆಳಗೆ ನೀರೊಳಗೆ ಕಣ್ಣು ತೊಳೆದೆ. ಇಂಜಿನ್ ಹಿಡಿಯಿತು. ನೀರು ನನ್ನ ಎದೆಯವರೆಗೆ ಎದ್ದು ಇಳಿಯಿತು, ದೋಣಿ ಹೋಯಿತು.

ಬುಟ್ಟಿ ಹಿಡಿದು ಕೆರಾಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ದಂಡೆಯಲ್ಲಿ ಕೂತೆ. ನಮ್ಮವರದೇ ಮೊಬೈಲು, ಆಗ ನನ್ನ ಸೆರಗಿನ ಗಂಟಿನಲ್ಲಿರುತ್ತಿತ್ತು. ಬಿಸಿಲು ಏರಿದ ಮೇಲೆ ಹೊಡೆದುಕೊಂಡಿತು. ಗಾಳಿಯ ಸದ್ದು, ಇಂಜಿನ್ನಿನ ಸದ್ದು, ಅದರ ನಡುವೆ ನಾಣಿ ಕೂಗುತ್ತಿದ್ದ.

"ಅತ್ಗೆ! ಸಿಕ್ತ್! ಅಣ್ಣನ್ ಕಲ್ಲ್ ಸಿಕ್ತ್!"

"ಹ್ಯಾಂಗಿತ್ತ್?" ಎಂದೆ. ಮೀನು ಎಷ್ಟಿದೆ ಎಂದು ಕೇಳಬೇಕಿತ್ತು.

"ಹ್ಯಾಂಗ್ ಅಂದ್ರೆ... ಗೆರೆ ಹೋತಾ ಹೋತಾ ಇಪ್ಪತಿಗೆ ಒಮ್ಮೆಲೇ ಎದ್ಕಂಬತ್ತ್. ಎಮ್ಮೆ ಮನಿಕಂಡಾಂಗೆ ಇತ್ತ್ ಕಾಣಿ. ಬೆನ್ನ್, ಮತ್ತೆ ಒಂಚೂರ್ ತಗ್ಗ್, ಮತ್ತೆ ತಲೆ."

ಅಷ್ಟು ಹೇಳುವಾಗ ಸಿಗ್ನಲ್ ಹೋಯಿತು.

ನಮ್ಮವರು ಊಟಕ್ಕೆ ಕೂತಾಗ ಆ ಕಲ್ಲಿನ ಬಗ್ಗೆ ಹೇಳುತ್ತಿದ್ದರು. "ಮಲ್ಗಿದ್ ಎಮ್ಮೆ ಕಾಣ್" ಎನ್ನುತ್ತಿದ್ದರು. ಹಗ್ಗ ಇಳಿಬಿಟ್ಟು ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿ ನೋಡಿದವರಿಗೆ ಎಮ್ಮೆ ಹೇಗೆ ಕಂಡೀತು ಎಂದು ನಾನು ಸಾರು ಬಡಿಸುತ್ತ ತಮಾಷೆ ಮಾಡುತ್ತಿದ್ದೆ. ಅವರು ಅದನ್ನು ಕಣ್ಣಾರೆ ಕಂಡವರಲ್ಲ, ನಾಣಿಗೆ ಎಮ್ಮೆಯ ಮಾತು ಹೇಳಿದವರೂ ಅಲ್ಲ. ಅದು ಊಟದ ಮಣೆಯ ಮಾತು. ಅವರು ಹೇಳಿದ್ದು ಸರಿಯಾಗಿತ್ತು ಎಂದು ಆ ಹೊತ್ತು ಇಡೀ ಕಡಲ ದಂಡೆಯಲ್ಲಿ ನನಗೊಬ್ಬಳಿಗೇ ಗೊತ್ತು. ಹೇಳಬೇಕಾದವರು ಒಬ್ಬರೇ ಇದ್ದರು. ಅವರಿಗೇ ಹೇಳುವ ಹಾಗಿರಲಿಲ್ಲ.

ಎದ್ದು ಮತ್ತೆ ನೀರಿಗಿಳಿದೆ. ಮಾಡಲು ಕೆಲಸವೇನೂ ಇರಲಿಲ್ಲ. ದೋಣಿ ಬರುವವರೆಗೆ ಅಲ್ಲೇ ನಿಂತಿದ್ದೆ.

ಆ ಚೌತಿಗೆ ಯಾರೂ ನಮ್ಮ ದೋಣಿ ಬಿಟ್ಟು ಹೋಗಲಿಲ್ಲ. ಕಲ್ಲಿಗೆ ನಾಣಿ ಹೊಸ ಗುರುತು ಹಿಡಿದ: ಗುಡ್ಡದ ಮೂಲೆ ಅದೇ, ಚಿಮಣಿಯ ಬದಲು ಹೊಸದಾಗಿ ಎದ್ದ ಮೊಬೈಲ್ ಟವರು. ದೀಪಾವಳಿಯ ಹೊತ್ತಿಗೆ ಸೂರಣ್ಣ ಮನೆಗೆ ಬಂದು, ಜಗಲಿಯಲ್ಲಿ ಕೂತು, ಮಿಷನ್ನು ಎಲ್ಲಿ ತಂದದ್ದು ಎಂದು ಕೇಳಿದ. ಅಂಗಡಿ ಹೇಳಿದೆ, ನಾನು ಕೊಟ್ಟ ರೇಟು ಹೇಳಲಿಲ್ಲ. ಮುಂದೆ ಕೆಲವು ವರ್ಷ ಕಳೆದ ಮೇಲೆ ದೋಣಿಯನ್ನು ನಾಣಿಗೇ ಕೊಟ್ಟು ನಾನು ಬ್ರಹ್ಮಾವರಕ್ಕೆ ಬಂದೆ. ಅವನು ಈಗಲೂ ಅಂಜಲ್ ಬಿದ್ದ ದಿನ ಫೋನು ಮಾಡುತ್ತಾನೆ.

ಕಲ್ಲು ಸಿಕ್ಕ ಮರುವರ್ಷದ ಮಳೆಗಾಲದಲ್ಲಿ ದೋಣಿ ಮೇಲೆ ಬಂದಾಗ ಪರದೆಯ ಪೆಟ್ಟಿಗೆ ಮತ್ತೆ ಮನೆಗೆ ಬಂದಿತ್ತು. ಒಂದು ಸಂಜೆ ಡೆಮೋ ಹಚ್ಚಿದೆ.

ಎರಡು ಸಣ್ಣವು ದಾಟಿದವು, ಮೂರನೆಯದು ದೊಡ್ಡದು. ತಳ ಮಟ್ಟಸವಾಗಿ ಓಡುತ್ತಿತ್ತು. ಎಷ್ಟು ಕಾದರೂ ಅದರಲ್ಲಿ ಎಮ್ಮೆ ಬರುವುದಿಲ್ಲವಲ್ಲ. ಆರಿಸಿ, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟೆ.

ಈಗ ನೀವು ಇಂಥದೊಂದನ್ನು ದೋಣಿಗೆ ಕೂರಿಸುವವರಾದರೆ ಕೇಳಿ. ತೋರಿಕೆಗೆ ಇಟ್ಟ ಪೀಸು ಕೇಳಲು ನಾಚಬೇಡಿ, ಆದರೆ ವೈರನ್ನು ನಡುವೆ ಕತ್ತರಿಸಿ ಗಂಟು ಹಾಕಿದ್ದರೆ ಬೇಡ. ದೋಣಿಗೆ ನೇರ ತೂತು ಕೊರೆಯಬೇಡಿ, ನಡುವೆ ಮೀನು ಕೊಯ್ಯುವ ಹಲಗೆಯ ತುಂಡು ಹಾಕಿ. ಪಂಕದಿಂದ ಮೊಳದಷ್ಟು ದೂರವಿಡಿ. ಕಣ್ಣಿನ ಮುಖ ತಳಕ್ಕಿಂತ ತುಸು ಕೆಳಗೆ, ಬಾಲ ತುಸು ತಗ್ಗಿರಲಿ. ನಿಂತ ನೀರಿನಲ್ಲಿ ಸರಿ ಬಂತೆಂದು ನಂಬಬೇಡಿ, ಓಡಿಸಿಯೇ ನೋಡಿ. ದೋಣಿಯನ್ನು ಮರಳಿಗೆ ಎಳೆಯುವ ಮೊದಲು ಕಣ್ಣನ್ನು ಮೇಲಕ್ಕೆ ಮಡಚಿ. ಕುಂಕುಮ ಹಲಗೆಗೆ, ಸಾಬೂನು ಕಣ್ಣಿಗೆ, ದಿನಾ ಬೆಳಿಗ್ಗೆ, ಮೆತ್ತನೆಯ ಬಟ್ಟೆಯಲ್ಲಿ.

ತೊಳೆದಾದ ಮೇಲೆ, ದೋಣಿ ಹೊರಟಿತೆಂದರೆ, ನೀರಿನಿಂದ ಬೇಗ ಮೇಲೆ ಬನ್ನಿ. ಅಳಿವೆಯ ಕಡೆ ನೋಡುತ್ತ ಅಲ್ಲೇ ನಿಲ್ಲಬೇಡಿ. ಸೊಂಟಕ್ಕೆ ಶೀತ ಹಿಡಿಯುತ್ತದೆ. ಒಮ್ಮೆ ಹಿಡಿದರೆ ಎಷ್ಟು ವರ್ಷವಾದರೂ ಪ್ರತಿ ಮಳೆಗಾಲಕ್ಕೆ ಬರುತ್ತದೆ.